ಒಡೆದ ಕಲ್ಲಿನ ಗೋಡೆ

ಕದ್ರಿ ಗುಡ್ಡದ ಹಿಂಬದಿಯಲ್ಲಿ ಆಗ ಕೆಂಪುಕಲ್ಲಿನ ಕೋರೆಯಿತ್ತು. ಗಂಡಸರು ಕಲ್ಲು ಕಡಿಯುತ್ತಿದ್ದರು. ಅದನ್ನು ತಲೆಯ ಮೇಲೆ ಹೊತ್ತು ಹೊಂಡದಿಂದ ಮೇಲಕ್ಕೆ, ಎತ್ತಿನಗಾಡಿ ನಿಲ್ಲುವಲ್ಲಿಗೆ ತರುವುದು ಹೆಂಗಸರ ಕೆಲಸ. ಹಡಗಿನ ಕೆಲಸಕ್ಕೆಂದು ಹೋದ ಅಪ್ಪ ಹಿಂದಿರುಗಲಿಲ್ಲ. ಅಮ್ಮ ಕೋರೆಗೆ ಸೇರಿದಾಗ ನಾನು ಒಲೆ ಹಚ್ಚಿ ಗಂಜಿ ಬೇಯಿಸುವಷ್ಟು ದೊಡ್ಡವಳಾಗಿದ್ದೆ.

ನಮ್ಮ ಮನೆಗೆ ಗೋಡೆ ಎಂದರೆ ಹೆಣೆದ ತೆಂಗಿನ ಮಡಲು. ಕಡಿಯುವಾಗ ಒಡೆದ ಕಲ್ಲು ಮಾರಾಟಕ್ಕೆ ಬಾರದು, ಬೇಕಾದವರು ಒಯ್ಯಬಹುದು ಎಂದು ಕೋರೆಯ ಮೇಸ್ತ್ರಿ ಹೇಳಿದ್ದರು. ಇಡೀ ದಿನ ಬೇರೆಯವರ ಮನೆಯ ಕಲ್ಲು ಹೊತ್ತ ಅಮ್ಮ ಸಂಜೆ ನಮಗೆಂದು ಒಂದು ಒಡಕು ಕಲ್ಲು ಹೊತ್ತು ಬರುತ್ತಿದ್ದಳು. ಅಂಗಳದಲ್ಲಿ ಇಳಿಸಿ ಅದರ ಮೇಲೆಯೇ ಕೂತುಬಿಡುತ್ತಿದ್ದಳು. ರಾಶಿ ನನ್ನ ಸೊಂಟದೆತ್ತರಕ್ಕೆ ಬೆಳೆದಿತ್ತು. ಆ ಬೇಸಿಗೆಯಲ್ಲೇ ಗೋಡೆ ಕಟ್ಟಿಬಿಡಬೇಕೆಂದು ಅವಳ ಆಸೆ.

ಅಮ್ಮನ ಜೊತೆ ಹೊರುತ್ತಿದ್ದವಳು ಕೊಂಕಣಿ ಮಾತಾಡುವ ಕ್ರೈಸ್ತರ ಹೆಂಗಸು. ನಾವು ಬಾಯಮ್ಮ ಎನ್ನುತ್ತಿದ್ದೆವು. ಕಲ್ಲು ತಲೆಗೇರಿಸಲು ಇವಳಿಗೆ ಅವಳು, ಅವಳಿಗೆ ಇವಳು. ಮಳೆಗಾಲಕ್ಕೆ ಮುಂಚೆ ಬಂದ ಗಾಳಿಮಳೆಗೆ ಬಾಯಮ್ಮನ ಮಣ್ಣಿನ ಗೋಡೆ ಒಂದು ಬದಿ ಕುಸಿಯಿತು. ಪೆಟ್ಟು ಯಾರಿಗೂ ಆಗಲಿಲ್ಲ, ಆದರೆ ಹಾಸಿಗೆ ಹಿಡಿದ ಅತ್ತೆ, ಕೈಕೂಸು ಎಲ್ಲ ನೆನೆದುಹೋಗಿದ್ದರು. ಸಂಜೆ ಕೆಲಸ ಬಿಟ್ಟ ಮೇಲೆ ನೋಡಿಕೊಂಡು ಬಂದ ಅಮ್ಮ ನೀರು ಕುಡಿದು, ನಾಳೆಯಿಂದ ನಮ್ಮ ಕಲ್ಲನ್ನು ಅಲ್ಲಿಗೆ ಸಾಗಿಸಬೇಕು, ನೀನೂ ಕೈ ಹಾಕು ಎಂದಳು.

ನನಗೆ ಅಳು ಬಂತು. "ನಮಗೆ ಗೋಡೆ ಬೇಡವಾ ಅಮ್ಮ?"

"ನಮ್ಮ ಮಡಲು ಇನ್ನೂ ನಿಂತುಂಟಲ್ಲ," ಎಂದಳು. "ಅವಳಿಗೆ ಎಂತ ಉಂಟು?"

ಹೊತ್ತೆವು. ಬಾಯಮ್ಮ ಅಮ್ಮನ ತಲೆಯಿಂದ ಒಂದೊಂದೇ ಕಲ್ಲನ್ನು ಮೆಲ್ಲಗೆ ಇಳಿಸಿಕೊಂಡಳು. ಮಳೆ ಹಿಡಿಯುವ ಮೊದಲು ಅವಳ ಗೋಡೆ ಎದ್ದಿತು.

ಮಳೆ ಬಿಟ್ಟ ಮೇಲೆ ಅಮ್ಮ ಮತ್ತೆ ರಾಶಿ ಹಾಕತೊಡಗಿದಳು. ಹೆಚ್ಚು ದಿನ ನಡೆಯಲಿಲ್ಲ. ಒಂದು ಬೆಳಿಗ್ಗೆ ಎದ್ದಾಗ ಅವಳ ಕುತ್ತಿಗೆ ಒಂದೇ ಬದಿಗೆ ನಿಂತುಬಿಟ್ಟಿತ್ತು. ನಾಟಿ ಎಣ್ಣೆ, ಶಾಖ, ಯಾವುದಕ್ಕೂ ಅದು ತಿರುಗಲಿಲ್ಲ. ಮನೆಯಲ್ಲಿ ಅಕ್ಕಿ ಮುಗಿಯುತ್ತಾ ಬಂದಾಗ ಅವಳ ಬದಲಿಗೆ ನಾನು ಕೋರೆಗಿಳಿದೆ.

ಮೊದಲ ಕಲ್ಲನ್ನು ನನ್ನ ತಲೆಗೇರಿಸಿದವಳು ಬಾಯಮ್ಮ. "ಕೆಳಗೆ ನೋಡ್ಬೇಡ ಮಗಾ," ಎಂದು ಹೊಂಡದ ಮೆಟ್ಟಿಲು ಮುಗಿಯುವವರೆಗೂ ಹಿಂದೆಯೇ ಬಂದಳು.

ಆ ಸಂಜೆ ಉಣ್ಣದೆ ಮಲಗಿದೆ. ಅಮ್ಮ ಪಕ್ಕದಲ್ಲಿ ಕೂತು, ತಿರುಗದ ಕುತ್ತಿಗೆಯಲ್ಲೇ, ನನ್ನ ಹೆಗಲು ತಿಕ್ಕಿದಳು. ನಾಳೆ ಹೋಗ್ತೀಯಾ ಎಂದು ಕೇಳಿದಳು.

"ಹೋಗ್ತೇನೆ," ಎಂದೆ.

ಅವಳ ಕೈ ಸ್ವಲ್ಪ ಹೊತ್ತು ನಿಂತಿತು, ಮತ್ತೆ ತಿಕ್ಕತೊಡಗಿತು.