ಆರನೇ ಪ್ರಶ್ನೆಯ ತಿಂಡಿ

ಕೊಪ್ಪಳಕ್ಕೆ ಬಂದ ಮರುದಿನ ಬೆಳಿಗ್ಗೆ ಯಾರೋ ನನ್ನ ಬಾಗಿಲು ಬಡಿದರು. "ಮೇಡಂ, ಬಂದಾವ್ರಿ, ಲಗೂನ ಏಳ್ರಿ" ಎಂದು ಕೂಗಿದರು. ಬಂದಾವು ಎಂದರೆ ಬಂದಿವೆ ಎಂದಷ್ಟು ತಿಳಿಯಿತು. ಏನು ಬಂದಿವೆ ಎಂದು ತಿಳಿಯಲಿಲ್ಲ. ಹಿಂದಿನ ಸಂಜೆ ಎದುರು ಮನೆಯ ಮಾಳಿಗೆಯ ಮೇಲೆ ಮಂಗಗಳ ಹಿಂಡನ್ನು ನೋಡಿದ್ದೆ. ಎದ್ದು ಕಿಟಕಿಗಳ ಚಿಲಕ ಹಾಕಿ, ಬಾಗಿಲಿಗೆ ಸೂಟ್‌ಕೇಸ್ ಒತ್ತಿಟ್ಟು ಕುಳಿತೆ.

ಬಂದದ್ದು ನಲ್ಲಿ ನೀರು. ಇಲ್ಲಿ ನೀರು ಬಹುವಚನ. ನೀರು ಬಂತು ಎನ್ನುವುದಿಲ್ಲ, ನೀರು ಬಂದಾವು ಎನ್ನುತ್ತಾರೆ. ನಾನು ಕಿಟಕಿ ಕಾಯುತ್ತಿದ್ದಾಗ ಅವು ಬಂದು ಹೋದವು. ಮತ್ತೆ ಬರಲು ನಾಲ್ಕು ದಿನ ಹಿಡಿಯಿತು. ಅಷ್ಟು ದಿನ ಮನೆಯ ಒಡತಿ ನೀಲಮ್ಮ ತಮ್ಮ ಪಾಲಿನಲ್ಲೇ ಎರಡು ಕೊಡ ಕೊಟ್ಟರು. "ನೀರಿಗೆ ಅಂಜಿ ಬಾಗಲಾ ಹಾಕ್ಕೊಂಡ ಮೇಡಂ ಇವರ ನೋಡ್ರಿ" ಎಂದು ಓಣಿಗೆಲ್ಲ ಪರಿಚಯ ಮಾಡಿಸಿದರು.

ನಾನು ಕೊಳ್ಳೇಗಾಲದ ಹತ್ತಿರದ ಹಳ್ಳಿಯವಳು. ಅವ್ವ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದಳು. ಬಿಸಿ ನೀರಿನಲ್ಲಿ ಗೂಡು ಬೇಯಿಸಿ ಎಳೆ ಹುಡುಕುವ ಕೆಲಸ. ಅವಳ ಬೆರಳ ತುದಿಗಳು ಯಾವಾಗಲೂ ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ನಮ್ಮ ಮನೆಯಲ್ಲಿ ಹತ್ತನೇ ತರಗತಿ ದಾಟಿದವಳು ನಾನೊಬ್ಬಳೇ. ಎಂ.ಎ. ಮುಗಿಸಿದೆ, ಉಪನ್ಯಾಸಕರ ಅರ್ಹತಾ ಪರೀಕ್ಷೆಯನ್ನು ಮೂರನೇ ಸಲಕ್ಕೆ ಪಾಸಾದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ಕೈಹಿಡಿದು ನಡೆಸಿದ ದಾರಿಯಲ್ಲ ಅದು. ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿದ್ದು ಕೊಪ್ಪಳದ ಒಂದು ಕಾಲೇಜಿನಲ್ಲಿ. ಎಂ.ಎ. ವಿದ್ಯಾರ್ಥಿಗಳಿಗೆ ಸಂಶೋಧನೆಯ ಪ್ರಾಥಮಿಕ ಪಾಠ ಹೇಳಬೇಕು. ಕೊನೆಯಲ್ಲಿ ಅವರಿಂದ ಕಿರುಪ್ರಬಂಧ ಬರೆಸಬೇಕು.

ಮನೆ ಹುಡುಕುವಾಗ ಎರಡು ಕಡೆ "ನೀವು ಯಾರ ಪೈಕಿರಿ?" ಎಂದು ಕೇಳಿದರು. ನಮ್ಮ ಕಡೆ "ನೀವ್ಯಾವ ಜನ?" ಎಂದು ಕೇಳುತ್ತಾರೆ. ಪದ ಬೇರೆ, ಮನೆ ಸಿಗದಿರುವುದು ಒಂದೇ. ನೀಲಮ್ಮ ಮಾತ್ರ "ಸಂಡಾಸಕ್ಕ ನೀರ್ ಛಲೋತ್ನಂಗ ಹಾಕ್ತೀರಿಲ್ಲೋ?" ಎಂದಷ್ಟೇ ಕೇಳಿ ಬೀಗದ ಕೈ ಕೊಟ್ಟರು.

ನಮ್ಮಲ್ಲಿ ಮುದ್ದೆ ನುಂಗುತ್ತೇವೆ. ಇಲ್ಲಿ ಜೋಳದ ರೊಟ್ಟಿ ಅಗಿಯಬೇಕು. ಮೊದಲ ತಿಂಗಳು ಸಂಜೆ ಹೊತ್ತಿಗೆ ದವಡೆ ನೋಯುತ್ತಿತ್ತು. ನಮ್ಮಲ್ಲಿ ವಿದ್ಯಾರ್ಥಿಯನ್ನು "ಬಾರಪ್ಪ, ಕೂತ್ಕೊ" ಎಂದರೆ ಪ್ರೀತಿ. ಇಲ್ಲಿ ನಾನು ಹಾಗೆಂದಾಗ ಹುಡುಗರು ಮುಖ ಸಣ್ಣದು ಮಾಡಿದರು. ತಮಗಿಂತ ಚಿಕ್ಕವರಿಗೂ ಕುಂದ್ರ್ರಿ, ಬರ್ರಿ ಎನ್ನುವ ಊರು. ಒಂಟಿತನ ಇತ್ತೇ ಎಂದು ಕೇಳಿದರೆ ಹೌದೆನ್ನಲಾರೆ. ಬಸ್ಸಿನಲ್ಲಿ ಬಹಳ ಹೊತ್ತು ಕುಳಿತಾಗ ಕಾಲು ಇದ್ದೂ ಇಲ್ಲದ ಹಾಗಾಗುತ್ತದಲ್ಲ, ಹಾಗಿತ್ತು. ಬೆಳಿಗ್ಗೆ ಅವ್ವ ಫೋನ್ ಮಾಡಿ "ತಿಂಡಿ ಆಯ್ತೇನವ್ವ?" ಎನ್ನುತ್ತಿದ್ದಳು. "ಆಯ್ತು" ಎನ್ನುತ್ತಿದ್ದೆ. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಪಾಠ ಮಾತ್ರ ಚೆನ್ನಾಗಿ ಮಾಡುತ್ತಿದ್ದೆ. ಸಂಶೋಧನೆ ಎಂದರೆ ಊಹೆ ಅಲ್ಲ, ಕೇಳಿ ನೋಡಿ ಬರೆದದ್ದು. ಪ್ರಶ್ನಾವಳಿ ಎಂದರೆ ಎಲ್ಲರಿಗೂ ಒಂದೇ ರೀತಿ ಕೇಳಬೇಕಾದ ಪ್ರಶ್ನೆಗಳ ಹಾಳೆ. ಒಬ್ಬರಿಗೆ ಒಂದು ಥರ, ಇನ್ನೊಬ್ಬರಿಗೆ ಇನ್ನೊಂದು ಥರ ಕೇಳಿದರೆ ಉತ್ತರಗಳನ್ನು ಹೋಲಿಸಲಾಗದು. ಆದ್ದರಿಂದ ಅಚ್ಚಾದದ್ದನ್ನು ಅಚ್ಚಾದ ಹಾಗೆ ಕೇಳಿ, ಒಂದಕ್ಷರವೂ ಬದಲಾಗಬಾರದು. ನನಗೆ ನನ್ನ ಗುರುಗಳು ಹೇಳಿಕೊಟ್ಟದ್ದು ಇದು. ನಾನು ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಅಭ್ಯಾಸಕ್ಕೆಂದು ನಾನೇ ಒಂದು ಪ್ರಶ್ನಾವಳಿ ತಯಾರಿಸಿದೆ. ಕೂಲಿಗೆ ಹೋಗುವ ಹೆಂಗಸರ ದಿನಚರಿಯ ಬಗ್ಗೆ. ತರಗತಿಯಲ್ಲಿ ಹನ್ನೆರಡು ಜನ. ಪ್ರತಿಯೊಬ್ಬರೂ ತಮ್ಮ ತಮ್ಮ ಊರಿನ ಇಪ್ಪತ್ತು ಹೆಂಗಸರನ್ನು ಕೇಳಿ ಬರಬೇಕು. ಇಟಗಿ, ಮರಳಿ, ಕುಷ್ಟಗಿ ಕಡೆಯ ಹಳ್ಳಿಗಳು, ಹುಲಿಹೈದರ. ಆರನೇ ಪ್ರಶ್ನೆ ಹೀಗಿತ್ತು: "ನಿಮ್ಮ ಮನೆಯಲ್ಲಿ ಎಲ್ಲರಿಗೂ ದಿನಾ ಬೆಳಿಗ್ಗೆ ತಿಂಡಿ ಇರುತ್ತದೆಯೇ? ಇದ್ದರೆ ಏನು?"

ಹದಿನೈದು ದಿನದಲ್ಲಿ ಹಾಳೆಗಳು ಬಂದವು. ಹನ್ನೊಂದು ಕಟ್ಟುಗಳಲ್ಲಿ ಆರನೇ ಪ್ರಶ್ನೆಗೆ ಹೆಚ್ಚುಕಡಿಮೆ ಒಂದೇ ಉತ್ತರ. ಇಲ್ಲ, ಇಲ್ಲ, ಇಲ್ಲ. ಇಷ್ಟೊಂದು ಹೆಂಗಸರು ಬರಿ ಹೊಟ್ಟೆಯಲ್ಲಿ ಹೊಲಕ್ಕೆ ಹೋಗುತ್ತಾರೆ ಎಂದುಕೊಂಡೆ. ಮರುಕಕ್ಕಿಂತ ಮೊದಲು ನನಗೆ ಹೊಳೆದದ್ದು ಒಂದು ಲೇಖನದ ಹೆಸರು. ಬೇರೊಂದು ಊರಿನ ವಿಚಾರ ಸಂಕಿರಣಕ್ಕೆ ಸಾರಾಂಶ ಕಳಿಸಿದೆ. ಅವರು ಒಪ್ಪಿದರು. ನನ್ನ ಹೆಸರಿನ ಮೊದಲ ಪ್ರಬಂಧ. ಅವ್ವನಿಗೂ ಹೇಳಿದೆ.

ಹನ್ನೆರಡನೆಯ ಕಟ್ಟು ಹುಲಿಗೆಮ್ಮನದು. ಹುಲಿಹೈದರದ ಹುಡುಗಿ, ಅವರ ಮನೆಯಲ್ಲೂ ಕಾಲೇಜು ಕಂಡವಳು ಅವಳೊಬ್ಬಳೇ. ಅವಳ ಇಪ್ಪತ್ತು ಹಾಳೆಗಳಲ್ಲೂ "ಇದೆ" ಎಂದಿತ್ತು. ನಿನ್ನೆಯ ರೊಟ್ಟಿ, ಖಾರ, ಚಹಾ. ಒಬ್ಬರ ಮನೆಯಲ್ಲಿ ರಾತ್ರಿ ಉಳಿದ ನುಚ್ಚು. ಇನ್ನೊಬ್ಬರಲ್ಲಿ ರೊಟ್ಟಿ ಮುರಿದು ಮಜ್ಜಿಗೆಯಲ್ಲಿ ನೆನೆಸಿದ್ದು. ಎಲ್ಲರ ಉತ್ತರ ಒಂದು ದಿಕ್ಕು, ಇವಳದು ಇನ್ನೊಂದು ದಿಕ್ಕು. ಅವಳ ಅಕ್ಷರವೂ ಮೊದಲ ಹಾಳೆಯಿಂದ ಕೊನೆಯ ಹಾಳೆವರೆಗೆ ಒಂದೇ ಸಮ ದುಂಡಗಿತ್ತು. ನನಗೆ ಅಷ್ಟು ಸಾಕಾಯಿತು.

ತರಗತಿಯಲ್ಲೇ ಕೇಳಿದೆ. "ಇವನ್ನು ಎಲ್ಲಿ ತುಂಬಿದೆ?"

"ಊರಾಗ್ರಿ ಮೇಡಂ."

"ಊರಲ್ಲಿ ಎಲ್ಲಿ? ಮನೆಯಲ್ಲಿ ಕೂತುಕೊಂಡಾ?"

"ಅಲ್ರಿ, ಮನಿಮನಿಗೆ ಹೋಗಿ ಕೇಳೀನ್ರಿ. ಹಾಳ್ಯಾಗ ಹೊಲಸ ಆಗತೈತಂತ ಮನಿಗೆ ಬಂದು ತಿದ್ದಿ ಬರದೀನ್ರಿ."

"ಹನ್ನೊಂದು ಊರಲ್ಲಿ ಇಲ್ಲದ ತಿಂಡಿ ನಿಮ್ಮೂರಲ್ಲಿ ಮಾತ್ರ ಹೇಗೆ ಇದೆ?"

ಅವಳು ತಲೆ ತಗ್ಗಿಸಿದಳು. ಹಿಂದಿನ ಬೆಂಚಿನಿಂದ ಬಸವರಾಜ ಎಂಬವನು, ಇಟಗಿಯವನು, "ಹುಲಿಹೈದರದವರಿಗೆ ತಿಂಡಿ ಭಾಳ್ರಿ ಮೇಡಂ" ಎಂದ. ತರಗತಿಯೆಲ್ಲ ನಕ್ಕಿತು. ಸುಳ್ಳು ಸಿಕ್ಕಿಬಿದ್ದುದಕ್ಕೆ ನಗುತ್ತಿದ್ದಾರೆ ಎಂದುಕೊಂಡೆ. ಅವಳ ಹಾಳೆಗಳನ್ನು ಪಕ್ಕಕ್ಕಿಟ್ಟೆ. ಈ ಕೆಲಸಕ್ಕೆ ಅಂಕ ಇಲ್ಲ ಎಂದೆ. ಅಂಕ ಇಲ್ಲದಿದ್ದರೆ ಕಿರುಪ್ರಬಂಧ ಸಲ್ಲಿಸುವಂತಿಲ್ಲ, ಒಂದು ವರ್ಷ ಹೋದಂತೆ.

ಹೊರಗೆ ಜಗಲಿಯಲ್ಲಿ ಅವಳು ಬಂದು ನಿಂತಳು. "ಮೇಡಂ, ಈ ಸಲ ಆಗಲಿಲ್ಲಂದ್ರ ಮನ್ಯಾಗ ಮತ್ತ ಒಂದ್ ವರ್ಷ ಕಳಸಂಗಿಲ್ರಿ."

"ನಾನು ಮೂರು ಸಲ ಪರೀಕ್ಷೆ ಕಟ್ಟಿದವಳು. ಒಂದು ಸಲವೂ ಅಡ್ಡದಾರಿ ಹಿಡಿಯಲಿಲ್ಲ" ಎಂದೆ. ಈ ಮಾತು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ನನ್ನಂಥವರಿಗೆ ಅಂಕ ಕೊಡುವಾಗಲೇ ನನ್ನ ಕೈ ಬಿಗಿಯಾಗುತ್ತದೆ.

ಆ ಭಾನುವಾರ ನೀಲಮ್ಮ ಅಂಗಳದಲ್ಲಿ ಬೇವಿನ ಎಲೆ ಕುದಿಸುತ್ತಿದ್ದರು. ಏನೆಂದು ಕೇಳಿದೆ.

"ಹೊಸಾ ಸಾಬಾಣ ಹಚ್ಕೊಂಡೆ ನೋಡ್ರಿ, ಮೈಯೆಲ್ಲಾ ತಿಂಡಿ ಆಗೇತಿ."

"ಏನಾಗಿದೆ?"

"ತಿಂಡಿ ಅಂದ್ರ ಗೊತ್ತಿಲ್ಲೇನ್ರಿ? ಹಿಂಗ." ಅವರು ಮೊಣಕೈ ತೋರಿಸಿ ಪರಪರ ಕೆರೆದುಕೊಂಡರು. "ಕೆಲವರಿಗೆ ಮೈಯಾಗ ಇರತೈತಿ, ಕೆಲವರಿಗೆ ಬುದ್ಧ್ಯಾಗ ಇರತೈತಿ. ಸುಮ್ಮಸುಮ್ಮನ ಜಗಳಕ್ಕ ಬರೋರಿಗೆ ಕೇಳ್ತೀವಲ್ಲ, ತಿಂಡಿ ಐತೇನ ನಿಂಗ ಅಂತ."

"ಬೆಳಿಗ್ಗೆ ತಿನ್ನುವುದಕ್ಕೆ ಏನೆನ್ನುತ್ತೀರಿ?"

"ಅದು ನಾಷ್ಟಾ ಅಲ್ರಿ?"

ನಾನು ಒಳಗೆ ಹೋಗಿ ಕುಳಿತೆ. ಬಸವರಾಜನ ಮಾತು ಏನೆಂದು ಆಗ ತಿಳಿಯಿತು. ನಾಚಿಕೆ, ದುಃಖ, ಇಂಥದ್ದೇನಾದರೂ ಬರುತ್ತದೆ ಎಂದು ಕಾದೆ. ಬರಲಿಲ್ಲ. ನೀಲಮ್ಮನ ಬೇವಿನ ನೀರಿನ ವಾಸನೆ ಮಾತ್ರ ಬರುತ್ತಿತ್ತು.

ಒಬ್ಬರ ಮಾತು ನಂಬಿ ತೀರ್ಮಾನಿಸಬಾರದು, ಹೋಗಿ ನೋಡಬೇಕು. ಅದೂ ನಾನು ಕಲಿಸಿದ ಪಾಠವೇ. ಹುಲಿಗೆಮ್ಮನಿಗೆ ಫೋನ್ ಮಾಡಿ ನಾಳೆ ನಿಮ್ಮೂರಿಗೆ ಬರುತ್ತೇನೆ ಎಂದೆ. ಗಂಗಾವತಿಯಲ್ಲಿ ಬಸ್ಸು ಬದಲಿಸಿದೆ. ಕಾಲುವೆ ಬಯಲಿನ ಭತ್ತದ ಹಸಿರು ಸ್ವಲ್ಪ ಹೊತ್ತು ಜೊತೆಗೆ ಬಂದು ನಿಂತುಹೋಯಿತು. ಆಮೇಲೆ ಕಲ್ಲುಗುಡ್ಡಗಳು, ತೊಗರಿ ಹೊಲ. ಹುಲಿಗೆಮ್ಮ ಬಸ್ ನಿಲ್ದಾಣದಲ್ಲಿ ನಿಂತಿದ್ದಳು. ಅವಳ ಕೈಯಲ್ಲಿ ಇಪ್ಪತ್ತು ಹೆಸರಿನ ಪಟ್ಟಿ ಇತ್ತು. ಪರೀಕ್ಷೆಗೆ ಬಂದವಳ ಹಾಗೆ ನನ್ನನ್ನು ಮೊದಲ ಮನೆಗೆ ಕರೆದೊಯ್ದಳು.

ಕಟ್ಟೆಯ ಮೇಲೆ ಮುದುಕಿಯೊಬ್ಬಳು ಶೇಂಗಾ ಸುಲಿಯುತ್ತಿದ್ದಳು. ಸೊಸೆ ಅಂಗಳ ಗುಡಿಸುತ್ತಿದ್ದಳು. ಪಕ್ಕದ ಮನೆಯವಳೂ ಬಂದು ನಿಂತಳು. ನಾನು ಹಾಳೆ ನೋಡಿ, ಅಚ್ಚಾದ ಹಾಗೆ ಓದಿದೆ. "ನಿಮ್ಮ ಮನೆಯಲ್ಲಿ ಎಲ್ಲರಿಗೂ ದಿನಾ ಬೆಳಿಗ್ಗೆ ತಿಂಡಿ ಇರುತ್ತದೆಯೇ?"

ಮುದುಕಿ ಶೇಂಗಾ ಕೆಳಗಿಟ್ಟಳು. "ನನಗ್ಯಾಕ ತಿಂಡಿ ಇರತೈತಿ ಯವ್ವಾ? ದಿನಾ ಜಳಕ ಮಾಡ್ತೀನಿ."

ಪಕ್ಕದ ಮನೆಯವಳು ನಕ್ಕಳು. "ಅವರು ಕೇಳೂದು ಅದಲ್ಲ ಆಯಿ. ತಿಂಡಿ ಅಂದ್ರ ಇಡ್ಲಿ ವಡಾ. ಟಿ.ವಿ.ಯಾಗ ಅಂತಾರಲ್ಲ. ಅವು ನಮ್ಮಲ್ಲಿ ಸಂತಿ ದಿನ ಅಷ್ಟ ನೋಡ್ರಿ, ದಿನಾ ಎಲ್ಲಿ ತರೂದು. ಇಲ್ಲಂತ ಬರ್ಕೋರಿ."

ಎರಡೂ ಬಗೆಯಲ್ಲಿ ಉತ್ತರ ಇಲ್ಲ ಎಂದೇ. ಹನ್ನೊಂದು ಕಟ್ಟುಗಳ ಇಲ್ಲಗಳೆಲ್ಲ ಎಲ್ಲಿಂದ ಬಂದವೆಂದು ಗೊತ್ತಾಯಿತು. ನಾನು ಹಾಳೆಯನ್ನು ಹುಲಿಗೆಮ್ಮನಿಗೆ ಕೊಟ್ಟೆ. ಅವಳು ಅದನ್ನು ನೋಡಲಿಲ್ಲ.

"ಆಯಿ, ಮುಂಜಾನಿ ಎದ್ದು ಬಾಯಾಗ ಏನ್ ಹಾಕ್ಕೊಂತಿ?"

"ಏನ್ ಹಾಕ್ಕೊಳ್ಳಿ, ನಿನ್ನಿ ರೊಟ್ಟಿ. ಮ್ಯಾಲ ಒಂದೀಟು ಖಾರ, ಎಣ್ಣಿ. ಸೊಸಿಗೆ ಮನಸ್ಸಿದ್ರ ಚಾ."

"ಮನಸ್ಸ ಇರತೈತಿ, ಹಾಲ ಇರಂಗಿಲ್ಲ" ಎಂದಳು ಸೊಸೆ, ಕಸಬರಿಗೆ ನಿಲ್ಲಿಸದೆ.

ಹುಲಿಗೆಮ್ಮನ ಕಟ್ಟಿನ ಮೊದಲ ಹಾಳೆಯಲ್ಲಿ ಇದೇ ಇತ್ತು. ಹಾಲಿಲ್ಲದ ದಿನ ಚಹಾ ಇಲ್ಲ ಎಂಬುದನ್ನೂ ಬರೆದಿದ್ದಳು.

ವಾಪಸು ಬಸ್ಸಿಗೆ ಕಾಯುವಾಗ ಕೇಳಿದೆ. "ಮಾತು ಬದಲಿಸಿ ಕೇಳಿದೆ ಎಂದು ಅವತ್ತೇ ಯಾಕೆ ಹೇಳಲಿಲ್ಲ?"

"ನೀವ ಬೋರ್ಡಿನ ಮ್ಯಾಲ ಬರದಿದ್ರಿ. ಎರಡ್ ಗೆರಿ ಹೊಡದಿದ್ರಿ. ಬದಲ್ ಮಾಡಿ ಕೇಳೂದು ತಪ್ಪು, ಕೇಳದ ಬರಿಯೂದೂ ತಪ್ಪು. ಎರಡರಾಗ ಯಾವುದು ದೊಡ್ಡದು ಗೊತ್ತಾಗ್ಲಿಲ್ರಿ."

"ತಪ್ಪು ನನ್ನದು ಹುಲಿಗೆಮ್ಮ" ಎಂದೆ.

"ಇರ್ಲಿ ಬಿಡ್ರಿ" ಎಂದಳು. ಬಸ್ಸು ಬಂತು.

ಮರುದಿನ ತರಗತಿಯಲ್ಲಿ ನಡೆದದ್ದನ್ನು ಹೇಳಿದೆ. ಬೋರ್ಡಿನ ಮೇಲೆ ತಿಂಡಿ ಎಂದು ಬರೆದಾಗ ಯಾರೂ ನಗಲಿಲ್ಲ. "ಪದದ ಅರ್ಥ ನಿಮಗೆಲ್ಲ ಗೊತ್ತಿತ್ತು. ಕೇಳುವಾಗ ಮುದುಕಿಯರು ಮೈ ಕೆರೆದು ತೋರಿಸಿರಬೇಕು. ಯಾಕೆ ಹಾಗೇ ಬರೆದು ತಂದಿರಿ?"

ಬಸವರಾಜ ಎದ್ದು ನಿಂತ. "ನೀವ ಅಂದಿದ್ರಲ್ರಿ, ಒಂದಕ್ಷರ ಸೈತ ಬದಲ್ ಮಾಡಬ್ಯಾಡ್ರಿ ಅಂತ. ನಮ್ಮ ಮಾತು ಸಂಶೋಧನಾದಾಗ ಬರಂಗಿಲ್ಲಂತ ತಿಳ್ಕೊಂಡ್ವಿರಿ."

ಮೈಸೂರಿನ ಎಂ.ಎ. ತರಗತಿಯಲ್ಲಿ ನಾನು ನನ್ನ ಹಳ್ಳಿಯ ಮಾತನ್ನು ಬಾಯೊಳಗೇ ಇಟ್ಟುಕೊಂಡು ಎರಡು ವರ್ಷ ಕುಳಿತಿದ್ದೆ. ಪುಸ್ತಕದ ಮಾತು ಕಲಿತದ್ದೇ ನನ್ನ ಗೆಲುವು ಎಂದುಕೊಂಡಿದ್ದೆ. ಅದರ ನಡುವೆ ತಿಂಡಿ ಎಂಬ ಪದವೊಂದು ಉಳಿದುಕೊಂಡು ಬಂದಿತ್ತು. ಅದು ಪುಸ್ತಕದ್ದಲ್ಲ, ಅವ್ವನದು ಎಂದು ನನಗೇ ತಿಳಿದಿರಲಿಲ್ಲ.

ಹುಲಿಗೆಮ್ಮನ ಅಂಕ ಸೇರಿಸಿದೆ. ಹನ್ನೊಂದು ಕಟ್ಟುಗಳ ಆರನೇ ಪ್ರಶ್ನೆಯನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ಸಂಕಿರಣದವರಿಗೆ ಪ್ರಬಂಧ ಓದುವುದಿಲ್ಲ ಎಂದು ಬರೆದೆ, ಕಾರಣವನ್ನೂ ಬರೆದೆ. ಹೊಸ ಪ್ರಶ್ನಾವಳಿಯನ್ನು ಹುಲಿಗೆಮ್ಮ ಮಾಡಿದಳು. ಈಗ ನಾವು ಮೊದಲು ಐದಾರು ಜನರ ಹತ್ತಿರ ಪ್ರಶ್ನೆ ಓದಿ ನೋಡುತ್ತೇವೆ, ಅವರು ಏನೆಂದು ಕೇಳಿಸಿಕೊಂಡರು ಎಂದು ಬರೆದುಕೊಳ್ಳುತ್ತೇವೆ. ಇದು ನನ್ನ ನೋಟ್ಸಿನಲ್ಲೂ ಇತ್ತು. ಪೂರ್ವಪರೀಕ್ಷೆ ಎಂಬ ಹೆಸರಿನಲ್ಲಿ, ಒಂದು ಸಾಲು. ಸಮಯ ಸಾಲದೆಂದು ಬಿಟ್ಟಿದ್ದೆ.

ಅವಳು ಕಿರುಪ್ರಬಂಧ ಸಲ್ಲಿಸಿದಳು. ಹಾಳೆಗಳ ಕಟ್ಟನ್ನು ಮೇಜಿನ ಮೇಲಿಟ್ಟು, ನಾನು ಕೇಳದಿದ್ದರೂ, "ಮನಿಮನಿಗೆ ಹೋಗಿ ಕೇಳೀನ್ರಿ ಮೇಡಂ" ಎಂದಳು. ಈ ಬಾರಿ ಹಾಳೆಗಳು ತಿದ್ದಿ ಬರೆದವಲ್ಲ. ಅರಿಸಿನದ ಬೆರಳ ಗುರುತು, ಚಹಾದ ಕಲೆ ಹಾಗೇ ಇದ್ದವು. ಬೇಕೆಂದೇ ಇಟ್ಟಿದ್ದಳು. ಅವಳು ಅವತ್ತು ಅಂದ "ಇರ್ಲಿ ಬಿಡ್ರಿ" ಎಂಬುದಕ್ಕೆ ಅರ್ಥವೇನೆಂದು ನೀಲಮ್ಮನನ್ನು ಕೇಳಿದ್ದೆ. "ಅದು ಅಂದವರ ಮಾರಿ ನೋಡಿದ್ರ ತಿಳೀತೈತ್ರಿ" ಎಂದರು. ಮಾರಿ ಎಂದರೆ ಮುಖ. ಅವಳು ಹಾಗೆಂದಾಗ ನಾನು ಬಸ್ಸಿನ ಬೋರ್ಡು ನೋಡುತ್ತಿದ್ದೆ.

ಈಗ ನೀರು ಬಂದಾವು ಎಂದರೆ ಕೊಡ ಹಿಡಿದು ಮೊದಲು ಓಡುವವಳು ನಾನೇ. ರೊಟ್ಟಿಗೆ ದವಡೆ ನೋಯುವುದಿಲ್ಲ. ಮೊನ್ನೆ ಬೆಳಿಗ್ಗೆ ಅವ್ವ ಎಂದಿನಂತೆ ಫೋನ್ ಮಾಡಿದಳು.

"ತಿಂಡಿ ಆಯ್ತೇನವ್ವ?"

ಅವ್ವ ಯಾಕೆ ನನ್ನ ತುರಿಕೆ ವಿಚಾರಿಸುತ್ತಿದ್ದಾಳೆ ಎಂದು ಒಂದು ಗಳಿಗೆ ಅನಿಸಿತು. ಬಾಯಿಯಿಂದ "ನಾಷ್ಟಾ ಆತವ್ವ" ಎಂದು ಬಂತು.

"ಏನಂದೆ?" ಎಂದಳು.

"ತಿಂಡಿ ಆಯ್ತು ಅಂದೆ ಕಣವ್ವ."

"ಇರ್ಲಿ ಬುಡವ್ವ" ಎಂದಳು.

ಫೋನಿನಲ್ಲಿ ಮುಖ ಕಾಣುವುದಿಲ್ಲ.