ಚಪ್ಪಟೆಯಾಗದ ಬೆಂಕಿಪೊಟ್ಟಣ

ಕಾರಿನ ಕ್ಲಚ್ ಪೆಡಲ್ ಕೆಳಗೆ ಖಾಲಿ ಬೆಂಕಿಪೊಟ್ಟಣ ಇಟ್ಟು, “ಪೂರ್ತಿ ಒತ್ತಿ ಮೇಡಂ” ಎಂದರು ಶಿವಾಜಿನಗರದ ಆ ವಯಸ್ಸಾದ ಮೆಕ್ಯಾನಿಕ್. ಎಡಗಾಲಿನ ಬಲವನ್ನೆಲ್ಲ ಹಾಕಿ ಒತ್ತಿದೆ. ಅವರು ಬಗ್ಗಿ ಪೊಟ್ಟಣ ಹೊರತೆಗೆದರು. ಅದು ಇಟ್ಟ ಹಾಗೇ ಇತ್ತು.

ಹಲಸೂರಿಗೆ ಮೆಟ್ರೋ ಬರುವ ಮುಂಚಿನ ಮಾತು. ಅಪ್ಪನ ಕಾಲದ ನಮ್ಮ ಕಾರು ಗೇರ್ ಬದಲಿಸಿದಾಗಲೆಲ್ಲ ಕರಕರ ಎನ್ನುತ್ತಿತ್ತು. ಎರಡು ಗ್ಯಾರೇಜುಗಳಲ್ಲಿ ಗೇರ್‌ಬಾಕ್ಸ್ ಬಿಚ್ಚಿಸಿ ಸಾಕುಸಾಕಾಗಿತ್ತು. ಇವರು ಮಾತ್ರ ಮೊದಲು ತಾವೇ ಓಡಿಸಿ ನೋಡಿದ್ದರು. ಒಂದು ಸಲವೂ ಸದ್ದು ಬಂದಿರಲಿಲ್ಲ. ಈಗ ಅದೇ ಪೊಟ್ಟಣವನ್ನು ಮತ್ತೆ ಇಟ್ಟು ತಾವು ಒತ್ತಿದರು. ಚಪ್ಪಟೆಯಾಯಿತು.

“ಗೇರ್‌ಬಾಕ್ಸ್ ಏಕ್‌ದಂ ಚೆನ್ನಾಗಿದೆ ಮೇಡಂ. ಕ್ಲಚ್ ಪೂರ್ತಿ ಒತ್ತದೆ ಗೇರ್ ಹಾಕಿದ್ರೆ ಹಿಂಗೇ ಕರಕರ ಅನ್ನುತ್ತೆ. ನಿಮ್ ಮಂಡಿ ಎಷ್ಟು ದಿನದಿಂದ ನೋಯ್ತಿದೆ?”

ಇಪ್ಪತ್ತಾರು ವರ್ಷ ತರಗತಿಯಲ್ಲಿ ನಿಂತೇ ಪಾಠ ಮಾಡಿದ ಮಂಡಿ. ಅವರು ಸೀಟನ್ನು ಮುಂದಕ್ಕೆ ಸರಿಸಿ, ಅರ್ಧ ಒತ್ತಿದರೂ ಸಾಕಾಗುವಂತೆ ಕ್ಲಚ್ ಬಿಗಿ ಮಾಡಿಕೊಟ್ಟರು. ಈಗ ನಾನು ಹಾಕಿದರೂ ಗೇರ್ ಸದ್ದಿಲ್ಲದೆ ಬಿತ್ತು.

ಹಲಸೂರಿನ ಮನೆ ಮುಂದೆ ಕಾರು ನಿಲ್ಲಿಸಿ, ಮಂಡಿ ನೀವಿಕೊಂಡು ಇಳಿದೆ. ಆ ಕರಕರ ಸದ್ದು ಕೇಳಿ ಕಾರನ್ನು ಗುಜರಿಗೆ ಹಾಕು ಎಂದು ಮನೆಯಲ್ಲಿ ಎಲ್ಲರೂ ಹೇಳಿದ್ದರು. ಮಂಡಿ ನೋಯುತ್ತಿದೆಯಾ ಎಂದು ಕೇಳಿದವರು ಆ ಮೆಕ್ಯಾನಿಕ್ ಒಬ್ಬರೇ.