ಗಾಳಿಪಟ ಹಾರಿಸಿದ ಕೋಣೆಗೊಂದು ಯಂತ್ರ

ಇಳಕಲ್ಲಿನ ನೇಕಾರ ಕಾಶಪ್ಪ ಮಗ್ಗದ ಕುಣಿಗೆ ಕಾಲಿಳಿಸಿ ಕೂತನೆಂದರೆ ಕೈಯಲ್ಲಿ ಲಾಳಿ ಓಡುತ್ತಿತ್ತು, ಬಾಯಲ್ಲಿ ಕಥೆ ಓಡುತ್ತಿತ್ತು. ಬಾದಾಮಿಯ ಮಂಗವೊಂದು ತನ್ನ ಟೋಪಿ ಕಸಿದು, ಮರುವರ್ಷ ಒಗೆದು ತಂದುಕೊಟ್ಟಿತೆಂದು ಆಣೆ ಮಾಡಿ ಹೇಳುತ್ತಿದ್ದ. ಅದಕ್ಕೂ ಮೆಚ್ಚಿನ ಕಥೆ ಮನೆಯದು. ಅಜ್ಜ ಕಟ್ಟಿಸಿದ ಒಳಕೋಣೆ ಎಷ್ಟು ಎತ್ತರವೆಂದರೆ, ಹುಡುಗನಿದ್ದಾಗ ತಾನು ಕದ ಹಾಕಿಕೊಂಡು ಅದರೊಳಗೇ ಗಾಳಿಪಟ ಹಾರಿಸಿದ್ದೆ, ದಾರ ಸಾಲದೆ ಅವ್ವನ ನೂಲೆಲ್ಲ ಬಿಚ್ಚಿದ್ದೆ ಎನ್ನುತ್ತಿದ್ದ. ಹೆಂಡತಿ ಸಿದ್ದಲಿಂಗವ್ವ ನಲವತ್ತೆಂಟು ವರ್ಷ ಅದನ್ನೇ ಕೇಳಿ, ಪ್ರತಿ ಸಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಎರಡು ವರ್ಷದಿಂದ ಆ ನಗು ನಿಂತಿತ್ತು. ಮನೆಯೊಳಗೆ ನೂಲಿನ ಧೂಳು, ಓಣಿಯಾಚೆ ಕಲ್ಲು ಕೊಯ್ಯುವ ಕಾರ್ಖಾನೆಯ ಧೂಳು. ಅವಳಿಗೆ ದಮ್ಮು ಹತ್ತಿತ್ತು. ನಕ್ಕರೆ ಕೆಮ್ಮು, ಕೆಮ್ಮಿದರೆ ಉಸಿರಿಗೆ ಪರದಾಟ. ಮಲಗಿದರೆ ಎದೆ ಕಟ್ಟುತ್ತಿತ್ತೆಂದು ಗೋಡೆಗೊರಗಿಯೇ ನಿದ್ದೆ ಮಾಡುತ್ತಿದ್ದಳು. ಕಾಶಪ್ಪ ಕಥೆ ಬಿಟ್ಟ. ಊಟಕ್ಕೆ ಕೂತರೂ ಮಳೆಯ ಮಾತನ್ನಷ್ಟೇ ಆಡುತ್ತಿದ್ದ. ಮಳೆ ಬರಲಿಲ್ಲವೆಂದರೆ ಯಾರೂ ನಗುವುದಿಲ್ಲವಲ್ಲ.

ಬಾಗಲಕೋಟೆಯ ಡಾಕ್ಟರು ಔಷಧದ ಜೊತೆಗೆ, ಮಲಗುವ ಕೋಣೆಗೆ ಗಾಳಿ ಸೋಸುವ ಯಂತ್ರ ಇಡಿ, ಆದರೆ ಕೋಣೆಯ ಅಳತೆಗೆ ತಕ್ಕದ್ದಿರಲಿ ಎಂದರು. ಅಳತೆಯನ್ನು ನೇಕಾರನಿಗೆ ಹೇಳಿಕೊಡಬೇಕೇ? ಕಾಶಪ್ಪ ಎಂಟು ವಾರದ, ಅಂದರೆ ಇಪ್ಪತ್ನಾಲ್ಕು ಅಡಿಯ, ಸೀರೆಯನ್ನು ಒಳಕೋಣೆಯ ನೆಲಕ್ಕೆ ಹಾಸಿದ. ಉದ್ದಕ್ಕೆ ಸೀರೆಯ ಅರ್ಧ, ಹನ್ನೆರಡು ಅಡಿ. ಅಗಲಕ್ಕೆ ಹತ್ತು. ಹುನಗುಂದದ ಗೆಳೆಯ ಅಬ್ದುಲಸಾಬನ ಅಂಗಡಿಗೆ ಹೋಗಿ, ನೂರಿಪ್ಪತ್ತು ಚದರಡಿ ಎಂದು ಡಬ್ಬಿಯ ಮೇಲೆ ಬರೆದಿದ್ದ ಯಂತ್ರವನ್ನೇ ಆರಿಸಿ ತಂದ.

ಎಂಟು ದಿನ ಅದು ಗುಂಯ್‌ಗುಟ್ಟಿತು. ಸಿದ್ದಲಿಂಗವ್ವ ಗೋಡೆ ಬಿಡಲಿಲ್ಲ. ಯಂತ್ರ ಕೆಟ್ಟಿರಬೇಕೆಂದು ಕಾಶಪ್ಪ ಅದನ್ನು ಹೊತ್ತು ಮತ್ತೆ ಹುನಗುಂದಕ್ಕೆ ಹೋದ. ಅಬ್ದುಲಸಾಬ ಬಿಚ್ಚಿ ನೋಡಿದ. ಜಾಳಿಗೆಗೆ ಧೂಳು ಹತ್ತಿತ್ತು, ಯಂತ್ರ ಸರಿಯಾಗಿಯೇ ಇತ್ತು.

"ಕಾಶಪ್ಪಣ್ಣಾ, ಇದನ್ನ ಯಾವ ಕೋಣ್ಯಾಗ ಇಟ್ಟಿದ್ರಿ?"

"ಒಳಕೋಣ್ಯಾಗ."

"ಗಾಳಿಪಟ ಹಾರಿಸಿದ್ದೆ ಅಂತೀರಲ್ಲ, ಅದರಾಗೇನು?"

"ಹೂಂ. ಯಾಕ?"

"ಡಬ್ಬಿ ಮ್ಯಾಲಿನ ಲೆಕ್ಕ ಎಂಟಡಿ ಎತ್ತರದ ಮಾಳಿಗಿದು. ನಲವತ್ತು ವರ್ಷ ಎತ್ತರ ಎತ್ತರ ಅಂತ ನಮ್ಮ ಕಿವಿ ತಿಂದ್ರಿ. ಅಳಿಯೂಮುಂದ ನೆಲ ಅಷ್ಟ ಅಳದ್ರಿ."

ಕಾಶಪ್ಪ ತಲೆ ಕೆರೆದುಕೊಂಡ. ಬಟ್ಟೆಗೆ ಉದ್ದ, ಅಗಲ ಎರಡೇ. ಜನ್ಮವೆಲ್ಲ ಅಷ್ಟನ್ನೇ ಅಳೆದವನು ಅವನು.

ಅಬ್ದುಲಸಾಬ ಅಂಗಡಿ ಮುಚ್ಚಿ ಬೈಕಿನಲ್ಲಿ ಅವನ ಜೊತೆ ಇಳಕಲ್ಲಿಗೇ ಬಂದ. ಗಳ ಹಿಡಿದು ಅಳೆದರೆ ಹದಿನಾಲ್ಕು ಅಡಿ. ದಮ್ಮಿನವರ ಕೋಣೆಯ ಗಾಳಿಯೆಲ್ಲ ತಾಸಿಗೆ ಐದು ಸಲವಾದರೂ ಯಂತ್ರದೊಳಗೆ ಹಾಯ್ದು ಬರಬೇಕು, ಈ ಎತ್ತರಕ್ಕೆ ಹೆಚ್ಚುಕಡಿಮೆ ಇಮ್ಮಡಿ ಶಕ್ತಿಯದು ಬೇಕು ಎಂದು ಬಿಡಿಸಿ ಹೇಳಿದ. ಮಾಳಿಗೆಯ ಬೆಳಕಿಂಡಿಗೆ ಗಾಜು ಕೂರಿಸಿದ, ಯಂತ್ರ ಓಡುವಾಗ ಕದ ಮುಚ್ಚಿರಲಿ ಎಂದ. ಮರುದಿನ ದೊಡ್ಡ ಯಂತ್ರ ತಂದಿಟ್ಟ. ಬಳಸಿದ ಸಣ್ಣದನ್ನು ಯಾರು ಕೊಳ್ಳುತ್ತಾರೆಂದು ಕಾಶಪ್ಪ ಸಂಕೋಚಪಟ್ಟರೆ, ಅಬ್ದುಲಸಾಬ ತನ್ನ ತಾಯಿ ರಂಜಾನಬಿಯ ಕೋಣೆ ಸಣ್ಣದು, ಮಾಳಿಗೆ ಎಂಟೇ ಅಡಿ, ಅಲ್ಲಿಗೆ ಅದು ಹೇಳಿ ಮಾಡಿಸಿದಂತಿದೆ ಎಂದು ಮಾತು ಮುಗಿಸಿದ. ಆ ವಾರವೇ ಕಾಶಪ್ಪ ರಂಜಾನಬಿಗೊಂದು ಸೀರೆ ನೇಯಲು ಕೂತ. ಅಂಥ ಗಟ್ಟಿ ದಡಿಯನ್ನು ಅವನು ತನ್ನ ಮಗಳ ಮದುವೆಗೂ ನೇಯ್ದಿರಲಿಲ್ಲ.

ದೊಡ್ಡ ಯಂತ್ರ ಬಂದ ಹನ್ನೆರಡನೆಯ ದಿನ ಬೆಳಿಗ್ಗೆ ನೋಡಿದರೆ ಸಿದ್ದಲಿಂಗವ್ವ ಗೋಡೆ ಬಿಟ್ಟು ನೆಟ್ಟಗೆ ಮಲಗಿದ್ದಳು. ಮಧ್ಯಾಹ್ನ ಚಹಾ ಕುಡಿಯುವಾಗ ಕಾಶಪ್ಪನಿಗೆ ಧೈರ್ಯ ಬಂತು.

"ಆ ಮಂಗ್ಯಾ ಮತ್ತ ಬಂದಿತ್ತು, ಟೋಪಿ ಕೇಳಾಕ. ನಮ್ಮ ಯಂತ್ರ ಹೆಂಗ ಎಳೀತು ಅಂದ್ರ, ಬಾಲ ಒಳಗ ಸಿಕ್ಕೊಂಡು ಕೂತೈತಿ."

ಸಿದ್ದಲಿಂಗವ್ವ ಬಾಯಿಗೆ ಸೆರಗು ಹಿಡಿದಳು, ತಡೆಯಲಾಗದೆ ನಕ್ಕಳು. ಕಾಶಪ್ಪ ನೀರಿನ ತಂಬಿಗೆ ಹಿಡಿದು ಎದ್ದು ನಿಂತ. ಒಂದು ಸಣ್ಣ ಕೆಮ್ಮು ಬಂತು, ಹೋಯಿತು. ಅವನು ಇನ್ನೂ ನಿಂತೇ ಇದ್ದ.

"ತಂಬಿಗಿ ಕೆಳಗಿಡ್ರಿ," ಎಂದಳು ಅವಳು, ಕಣ್ಣೊರೆಸಿಕೊಂಡು. "ಮುಂದ ಹೇಳ್ರಿ. ಮಂಗ್ಯಾನ ಬಾಲ ಯಾರು ಬಿಡಿಸಿದ್ರು?"